ಡೆಲ್ಫ್ಟಿನ ತಗಡು

ತಗಡು ಅಂಗೈಯಷ್ಟಗಲ ಇತ್ತು. ದಪ್ಪ ಎರಡು ಮಿಲಿಮೀಟರಿಗಿಂತ ಕಡಿಮೆ. ನೋಡಲು ಮಾಮೂಲಿ ಅಲ್ಯೂಮಿನಿಯಂ.

"ಕಾಕಾ, ಮ್ಯಾಲಿಂದ ನೋಡಿದ್ರ ಏನೂ ತಿಳಿಯಂಗಿಲ್ಲ. ಅಂಚು ನೋಡ್ರಿ" ಅಂದ ಅಣ್ಣನ ಮಗ.

ಕಿಟಕಿಯ ಬೆಳಕಿಗೆ ಅಂಚು ತಿರುಗಿಸಿದೆ. ಒಂದು ಬೆಳ್ಳಿಗೆರೆ, ಅದರ ಕೆಳಗೆ ಜೇನು ಬಣ್ಣದ ಸಣ್ಣ ಗೆರೆ, ಮತ್ತೆ ಬೆಳ್ಳಿ, ಮತ್ತೆ ಜೇನು, ಕೊನೆಗೆ ಬೆಳ್ಳಿ. ಮೂರು ಪದರ ಅಲ್ಯೂಮಿನಿಯಂ, ಅವುಗಳ ನಡುವೆ ಎಪಾಕ್ಸಿ ಅಂಟಿನಲ್ಲಿ ಅದ್ದಿದ ಗಾಜಿನ ಎಳೆಗಳ ಎರಡು ಪದರ. ಹೆಸರು ಗ್ಲೇರ್. ಎರಡು ದಿನದ ಹಿಂದೆ ಬೆಂಗಳೂರಿನಿಂದ ಹೊರಟಾಗ ಇದೇ ವಸ್ತು ನನ್ನ ತಲೆಯ ಮೇಲಿತ್ತು. ನನಗೆ ಗೊತ್ತಿರಲಿಲ್ಲ, ಅಷ್ಟೆ.

2022ರ ಅಕ್ಟೋಬರಿನಿಂದ ಎ380 ಎಂಬ ಎರಡಂತಸ್ತಿನ ವಿಮಾನ ದುಬೈಯಿಂದ ನಮ್ಮ ಕೆಂಪೇಗೌಡ ನಿಲ್ದಾಣಕ್ಕೂ ಬರುತ್ತಿದೆ. ನಾನು ಅದರಲ್ಲೇ ದುಬೈಗೆ, ಅಲ್ಲಿಂದ ಆಮ್‌ಸ್ಟರ್‌ಡಾಮಿಗೆ ಬಂದೆ. ಮುಂದೆ ರೈಲಿನಲ್ಲಿ ಮುಕ್ಕಾಲು ಗಂಟೆ. ಡೆಲ್ಫ್ಟ್ ನಿಲ್ದಾಣದಲ್ಲಿ ಇಳಿದು ತಲೆ ಎತ್ತಿದರೆ ಚಾವಣಿಯ ತುಂಬ ನೀಲಿ ಬಿಳಿಯಲ್ಲಿ ಆ ಊರಿನದೇ ಹಳೆಯ ನಕ್ಷೆ. ಹೊರಗೆ ಕಾಲುವೆ, ಸೈಕಲ್ಲು, ಒಂದು ಕಡೆ ವಾಲಿ ನಿಂತ ಹಳೆಯ ಚರ್ಚಿನ ಗೋಪುರ. ಆ ಚರ್ಚಿನೊಳಗೆ ಲೇವನ್‌ಹುಕ್‌ನ ಸಮಾಧಿ ಇದೆ. ಕಡಲೆಬೇಳೆಗಿಂತ ಚಿಕ್ಕ ಮಸೂರವನ್ನು ಕೈಯಾರೆ ಉಜ್ಜಿ, ನೀರಿನ ಹನಿಯೊಳಗಿನ ಜೀವಿಗಳನ್ನು ಮೊದಲು ಕಂಡ ಮನುಷ್ಯ. ಸಮಾಧಿಯ ಮುಂದೆ ನಿಂತಿದ್ದು ಎರಡೇ ನಿಮಿಷ, ಆದರೆ ಮರುದಿನವೆಲ್ಲ ಆತ ತಲೆಯಲ್ಲಿದ್ದ.

ಅಣ್ಣನ ಮಗ ಓದುವುದು ಇಲ್ಲಿನ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ, ವಿಮಾನ ವಿಭಾಗದಲ್ಲಿ. ಪ್ರಯೋಗಾಲಯಕ್ಕೆ ಹೋಗುವ ದಾರಿಯಲ್ಲಿ ಅವನು ಹೇಳಿದ್ದನ್ನು ಕೇಳಿ ನನ್ನ ನಡಿಗೆ ನಿಧಾನವಾಯಿತು. ವಿಮಾನ ಮೇಲೇರಿದಾಗ ಹೊರಗಿನ ಗಾಳಿ ತೆಳುವಾಗುತ್ತದೆ, ಒಳಗೆ ನಾವು ಉಸಿರಾಡಬೇಕು. ಹಾಗಾಗಿ ಒಡಲು ಬಲೂನಿನಂತೆ ಉಬ್ಬುತ್ತದೆ. ಒಳಗಿನಿಂದ ಗೋಡೆಯ ಪ್ರತಿ ಚದರ ಮೀಟರಿನ ಮೇಲೂ ಐದು ಟನ್ನಿಗಿಂತ ಹೆಚ್ಚಿನ ಒತ್ತಡ. ಇಳಿದಾಗ ಮತ್ತೆ ಸಡಿಲ. ಪ್ರತಿ ಹಾರಾಟಕ್ಕೂ ಹೀಗೆ ಒಂದು ಸಲ, ಇಪ್ಪತ್ತು ಮೂವತ್ತು ವರ್ಷ. ತಂತಿಯನ್ನು ಹಿಂದೆ ಮುಂದೆ ಬಗ್ಗಿಸುತ್ತಿದ್ದರೆ ಕೊನೆಗೊಮ್ಮೆ ತುಂಡಾಗುವಂತೆ ಲೋಹಕ್ಕೂ ದಣಿವಾಗುತ್ತದೆ. 1954ರಲ್ಲಿ ಎರಡು ಕಾಮೆಟ್ ಜೆಟ್ ವಿಮಾನಗಳು ಆಕಾಶದಲ್ಲೇ ಒಡೆದದ್ದು ಈ ದಣಿವಿನಿಂದ. 1988ರ ಏಪ್ರಿಲ್ 28ರಂದು ಹವಾಯಿಯಲ್ಲಿ 89,680 ಸಲ ಏರಿಳಿದಿದ್ದ ಒಂದು ಬೋಯಿಂಗ್ 737ರ ಮಾಡಿನ ಮುಂಭಾಗ ಹಾರಾಟದ ನಡುವೆ ಕಿತ್ತುಹೋಯಿತು. ಗಗನಸಖಿಯೊಬ್ಬರು ಗಾಳಿಗೆ ಸಿಕ್ಕಿ ಇಲ್ಲವಾದರು. ಉಳಿದವರೆಲ್ಲ ಬದುಕಿ ನೆಲ ಮುಟ್ಟಿದರು.

ಪ್ರಯೋಗಾಲಯ ಅಂದರೆ ಒಂದು ದೊಡ್ಡ ಶೆಡ್ಡು. ಒಂದು ಯಂತ್ರ ತಗಡಿನ ಪಟ್ಟಿಯ ಎರಡೂ ತುದಿ ಕಚ್ಚಿಕೊಂಡು ಎಳೆಯುತ್ತಿತ್ತು, ಬಿಡುತ್ತಿತ್ತು, ಸೆಕೆಂಡಿಗೆ ಹಲವು ಸಲ. ಪಟ್ಟಿಯ ನಡುವೆ ಬೇಕೆಂದೇ ಹಾಕಿದ ಸಣ್ಣ ಗೀರು. ಹುಡುಗ ಭೂತಗನ್ನಡಿ ಕೊಟ್ಟ. ಗೀರಿನ ತುದಿಯಿಂದ ಕೂದಲೆಳೆಯಂಥ ಬಿರುಕು ಹೊರಟಿತ್ತು. ಯಂತ್ರ ಎಳೆದಾಗ ಬಾಯಿ ತೆರೆದಂತೆ, ಬಿಟ್ಟಾಗ ಮುಚ್ಚಿದಂತೆ. ಬಹಳ ಹೊತ್ತು ನೋಡಿದೆ. ಬಿರುಕು ಮುಂದೆ ಸರಿದದ್ದು ಕಾಣಲಿಲ್ಲ.

"ಸೀಳು ಮುಂದ ಹೋಗಾಕ ನೋಡ್ತದ, ಎಳಿ ಬಿಡಂಗಿಲ್ರಿ. ಅಲ್ಯೂಮಿನಿಯಂ ಹರದದ, ಒಳಗಿನ ಗಾಜಿನ ಎಳಿ ಹರದಿಲ್ಲ. ಸೀಳಿನ ಎರಡೂ ದಂಡಿ ಹಿಡಕೊಂಡು ನಿಂತಾವ."

ಬಿರುಕಿನ ಬಾಯಿ ದೊಡ್ಡದಾಗದಂತೆ ಎಳೆಗಳು ಸೇತುವೆಯಾಗಿ ನಿಲ್ಲುತ್ತವೆ. ಭಾರ ಅವುಗಳ ಮೇಲೆ ಹಾದುಹೋಗುವುದರಿಂದ ಬಿರುಕಿನ ತುದಿಗೆ ಬೀಳುವ ಸೆಳೆತ ಇಳಿಯುತ್ತದೆ. ಬರಿಯ ಅಲ್ಯೂಮಿನಿಯಮ್ಮಿನಲ್ಲಿ ಓಡುವ ಬಿರುಕು ಇಲ್ಲಿ ಹತ್ತರಿಂದ ನೂರು ಪಟ್ಟು ನಿಧಾನ. ಅವ್ವ ಹೊಲಿದ ಕೌದಿ ಕಣ್ಣಿಗೆ ಬಂತು. ಮೇಲಿನ ಸೀರೆ ತುಂಡು ಹರಿದರೂ ಹರಕು ದೊಡ್ಡದಾಗುತ್ತಿರಲಿಲ್ಲ, ಬೆರಳಗಲಕ್ಕೊಂದರಂತೆ ಹಾಕಿದ ದಾರ ಅಲ್ಲೇ ಹಿಡಿದಿಡುತ್ತಿತ್ತು.

ಆದರೆ ನನ್ನನ್ನು ಬೆರಗಾಗಿಸಿದ್ದು ಅಂಟಿನ ಸಂಗತಿ. ಅಂಟು ಗಟ್ಟಿಯಾದಷ್ಟೂ ಒಳ್ಳೆಯದು ಅಂದುಕೊಂಡಿದ್ದೆ. ಹಾಗಲ್ಲ. ಅಂಟು ಒಂದಿಷ್ಟೂ ಬಿಡದೆ ಹಿಡಿದರೆ ಬಿರುಕಿನ ಬಾಯಲ್ಲಿ ಸಿಕ್ಕ ಎಳೆಯ ಕೂದಲಗಲದ ತುಣುಕೇ ಇಡೀ ಹಿಗ್ಗನ್ನು ಹೊರಬೇಕಾಗಿ ಪಟ್ಟನೆ ಹರಿಯುತ್ತದೆ. ಬಿರುಕಿನ ಅಕ್ಕಪಕ್ಕ ಅಂಟು ಒಂಚೂರು ಬಿಟ್ಟುಕೊಟ್ಟರೆ ಎಳೆಗೆ ಹಿಗ್ಗಲು ಜಾಗ ಸಿಗುತ್ತದೆ, ಹರಿಯದೆ ಉಳಿಯುತ್ತದೆ. ಬಿಡುವುದು ಹೆಚ್ಚಾದರೆ ಪದರಗಳೇ ಬೇರೆಯಾಗುತ್ತವೆ. ಎಷ್ಟು ಹಿಡಿಯಬೇಕು, ಎಷ್ಟು ಬಿಡಬೇಕು ಎಂಬ ಆ ಒಂದು ಹದಕ್ಕಾಗಿ ಈ ಊರಿನವರು ವರ್ಷಗಟ್ಟಲೆ ದುಡಿದಿದ್ದಾರೆ.

ಬೇರು ಇನ್ನೂ ಹಿಂದಿನದು. ಎರಡನೇ ಮಹಾಯುದ್ಧದ ನಂತರ ಡಚ್ಚರ ಫೋಕರ್ ಕಂಪನಿಗೆ ದಪ್ಪ ಲೋಹವನ್ನು ಕೊರೆಯುವ ದೊಡ್ಡ ಯಂತ್ರಗಳನ್ನು ಕೊಳ್ಳುವ ಶಕ್ತಿ ಇರಲಿಲ್ಲ. ತೆಳು ತಗಡುಗಳನ್ನೇ ಒಂದರ ಮೇಲೊಂದು ಅಂಟಿಸಿ ದಪ್ಪ ಮಾಡಿಕೊಂಡರು. ಹಾಗೆ ಅಂಟಿಸಿದ್ದರಲ್ಲಿ ಬಿರುಕು ನಿಧಾನ ಎಂಬುದು ಕಣ್ಣಿಗೆ ಬಿತ್ತು. ಯಾಪ್ ಸ್ಖೈವೆ, ಬೌಡ್ ಫೋಗೆಲೆಸಾಂಗ್ ಮುಂತಾದ ಡೆಲ್ಫ್ಟಿನ ಪ್ರಾಧ್ಯಾಪಕರು ನಡುವೆ ಎಳೆಗಳನ್ನು ಸೇರಿಸಿದರು. ಮೊದಲು ಅರಾಮಿಡ್, ಅಂದರೆ ಗುಂಡುನಿರೋಧಕ ಅಂಗಿಯ ನಾರು. ಆದರೆ ಬಿರುಕು ಮುಚ್ಚಿ ತೆರೆಯುವಾಗ ಅದು ನಡುವೆ ಸಿಕ್ಕಿ ನಲುಗಿ ಹರಿಯುತ್ತಿತ್ತು. ಕಾರ್ಬನ್ ಎಳೆ ಅಲ್ಯೂಮಿನಿಯಮ್ಮಿಗೆ ತಾಗಿದರೆ ತೇವದಲ್ಲಿ ಲೋಹವನ್ನೇ ತಿನ್ನುತ್ತದೆ. ಕೊನೆಗೆ ಗೆದ್ದದ್ದು ಗಾಜು. 1987ರಲ್ಲಿ ಪೇಟೆಂಟಿಗೆ ಅರ್ಜಿ ಬಿತ್ತು. ಗಾಜು ಅಂದರೆ ಒಡೆಯುವುದು ಅಂತಲೇ ನಾವು ಬೆಳೆದವರು. ಆದರೆ ಕೂದಲಿಗಿಂತ ಸಣ್ಣಗೆ ಎಳೆದರೆ ಅದರಲ್ಲಿ ದೊಡ್ಡ ಊನಕ್ಕೆ ಜಾಗವೇ ಇರುವುದಿಲ್ಲ, ಶಕ್ತಿ ಎಷ್ಟೋ ಪಟ್ಟು ಏರುತ್ತದೆ ಎಂದು ಇಂಗ್ಲೆಂಡಿನ ಗ್ರಿಫಿತ್ 1921ರಲ್ಲೇ ತೋರಿಸಿದ್ದರು.

1996ರಲ್ಲಿ ಫೋಕರ್ ದಿವಾಳಿಯಾಯಿತು. ತಗಡು ಉಳಿಯಿತು. 2005ರ ಏಪ್ರಿಲ್ 27ರಂದು ಟುಲೂಸಿನಲ್ಲಿ ಎ380 ಮೊದಲ ಸಲ ಹಾರಿದಾಗ ಅದರ ಮೇಲ್ಮೈಯಲ್ಲಿ ಗ್ಲೇರ್‌ನ 27 ಫಲಕಗಳಿದ್ದವು, ಒಟ್ಟು ಸುಮಾರು 470 ಚದರ ಮೀಟರ್. ಅದರಿಂದ ಉಳಿತಾಯವಾದ ತೂಕ 800 ಕಿಲೋದಷ್ಟು.

ಹೊರಡುವ ಮುಂಚೆ ಹುಡುಗ ಜೇಬಿನಿಂದ ಒಂದು ನಾಣ್ಯ ತೆಗೆದು ತಗಡನ್ನು ತಟ್ಟುತ್ತ ಹೋದ. ಟಿಣ್, ಟಿಣ್, ಟಿಣ್. ಒಂದು ಕಡೆ ಮಾತ್ರ ಸದ್ದು ಮಂಕಾಯಿತು. ಅಲ್ಲಿ ಪದರ ಬಿಟ್ಟಿದೆ. ಸಂತೆಯಲ್ಲಿ ಗಡಿಗೆ ಕೊಳ್ಳುವಾಗ ಅವ್ವನೂ ಹೀಗೇ ತಟ್ಟುತ್ತಿದ್ದಳು.

ಇನ್ನೊಂದು ಚೂರು ಬೆಂಕಿಗೆ ಒಡ್ಡಿದ್ದು. ಮುಂದಿನ ಅಲ್ಯೂಮಿನಿಯಂ ಕರಗಿಹೋಗಿತ್ತು, ಅದರ ಹಿಂದೆ ಗಾಜಿನ ಎಳೆಗಳು ಕರಿ ಬಟ್ಟೆಯಂತೆ ಹರಡಿ ನಿಂತಿದ್ದವು, ಬೆನ್ನಿನ ತಗಡು ಹಾಗೆಯೇ ಇತ್ತು. ಬರಿಯ ಅಲ್ಯೂಮಿನಿಯಂ ಒಂದೆರಡು ನಿಮಿಷದಲ್ಲಿ ತೂತಾಗುವ ಬೆಂಕಿಯನ್ನು ಇದು ಕಾಲು ಗಂಟೆ ತಡೆಯಬಲ್ಲದು. ಬೆಂಕಿ ಹತ್ತಿದ ವಿಮಾನದಿಂದ ಜನ ಇಳಿದು ಓಡಲು ಅಷ್ಟು ಹೊತ್ತು ಧಾರಾಳ ಸಾಕು. ಕೈಯಲ್ಲಿ ಹಿಡಿದದ್ದರ ಬೆಲೆ ನನಗೆ ನಿಜವಾಗಿ ಹೊಳೆದದ್ದು ಆಗ.

ಈಗ ದೊಡ್ಡ ವಿಮಾನಗಳ ಒಡಲು ಕಾರ್ಬನ್ ಎಳೆಯ ಕಡೆ ಹೊರಳಿದೆ. ಗ್ಲೇರ್ ದುಬಾರಿ, ಅಲ್ಯೂಮಿನಿಯಮ್ಮಿಗಿಂತ ತುಸು ಹೆಚ್ಚು ಬಾಗುತ್ತದೆ ಕೂಡ. ಕೊನೆಯ ಎ380 ಕಾರ್ಖಾನೆಯಿಂದ ಗಿರಾಕಿಯ ಕೈ ಸೇರಿದ್ದು 2021ರ ಡಿಸೆಂಬರಿನಲ್ಲಿ. ಇದನ್ನು ಕೇಳಿ ನನಗೆ ಬೇಜಾರಾಯಿತು, ಮುಚ್ಚಿಡುವುದೇನು.

ಮರಳುವಾಗ ದುಬೈಯಿಂದ ಬೆಂಗಳೂರಿಗೆ ಮತ್ತೆ ಅದೇ ಎರಡಂತಸ್ತು. ಮೇಲಂತಸ್ತಿನಲ್ಲಿ ಸೀಟು ಕೇಳಿ ಪಡೆದೆ. ವಿಮಾನ ನೆಲ ಬಿಟ್ಟಿತು, ಊರಿನ ದೀಪಗಳು ಕೆಳಗಿಳಿದವು, ಕಿವಿ ಕಟ್ಟಿತು. ಪಕ್ಕದ ಮಗು ಅಳತೊಡಗಿತು, ತಾಯಿ ಅದರ ಬಾಯಿಗೆ ಹಾಲಿನ ಬಾಟಲಿ ಇಟ್ಟಳು. ನಾನು ಚಾವಣಿ ನೋಡುತ್ತ ಕೂತೆ. ಆ ಪ್ಲಾಸ್ಟಿಕ್ ಹಲಗೆಯ ಆಚೆ ಅಷ್ಟೂ ಎಳೆಗಳು ಆಗ ಬಿಗಿಯುತ್ತಿದ್ದವು.