ನಾಳೆ ಬಾ ಅಂದಿದ್ದೆವು, ಬಂದಳು

ಸೂಪರ್‌ಹೀರೋ ಸಿನಿಮಾಗಳ ಮೊದಲರ್ಧವನ್ನು ನಾನು ನಿದ್ದೆಗೆ ಮೀಸಲಿಟ್ಟವಳು. ಹುಡುಗನಿಗೆ ಏನಾದರೂ ಕಚ್ಚಬೇಕು, ಮನೆಯಲ್ಲೊಬ್ಬ ದೊಡ್ಡವರು ಸಾಯಬೇಕು, ಇವನು ಕನ್ನಡಿ ಮುಂದೆ ನಿಂತು ತೋಳು ಮುಟ್ಟಿ ನೋಡಿಕೊಳ್ಳಬೇಕು, ಆಮೇಲೆ ಬಟ್ಟೆ ಹೊಲಿದುಕೊಳ್ಳಬೇಕು. ಅಷ್ಟಾಗುವ ಹೊತ್ತಿಗೆ ಪಾಪ್‌ಕಾರ್ನ್ ಮುಗಿದಿರುತ್ತದೆ. 2002ರಲ್ಲಿ ಸ್ಪೈಡರ್‌ಮ್ಯಾನ್‌ಗೆ ಕಚ್ಚಿದ ಜೇಡ 2012ರಲ್ಲಿ ಬೇರೊಬ್ಬ ನಟನನ್ನು ಹುಡುಕಿಕೊಂಡು ಬಂದು ಮತ್ತೆ ಕಚ್ಚಿತು. ನನ್ನ ತಮ್ಮ ಎರಡು ಕಚ್ಚನ್ನೂ ಅಷ್ಟೇ ಭಕ್ತಿಯಿಂದ ನೋಡಿದ. 1938ರಲ್ಲಿ ಸೂಪರ್‌ಮ್ಯಾನ್ ಮೊದಲ ಸಲ ಅಚ್ಚಾದಾಗ ಅವನ ಹುಟ್ಟಿನ ಕಥೆಗೆ ಕೊಟ್ಟದ್ದು ಒಂದೇ ಪುಟ. 1978ರ ಸಿನಿಮಾದಲ್ಲಿ ಅವನು ಆ ನೀಲಿ ಉಡುಪು ತೊಟ್ಟು ದರ್ಶನ ಕೊಡುವಷ್ಟರಲ್ಲಿ ಮುಕ್ಕಾಲು ಗಂಟೆ ಕಳೆದಿತ್ತು. ಒಂದು ಪುಟವೇ ಸಾಕಿತ್ತು ಎನ್ನುವ ಪೈಕಿ ನಾನು.

'ಲೋಕಃ' ಚಿತ್ರಕ್ಕೆ ಹೋದದ್ದೂ ಮಹಡಿ ಮನೆಯ ಹುಡುಗಿಯರ ಬಲವಂತಕ್ಕೆ. ಬಾಡಿಗೆಗಿರುವ ಇಬ್ಬರೂ ಮಲಯಾಳಿಗಳು. ಬಿಟಿಎಂನಲ್ಲಿ ಅದೇನೂ ವಿಶೇಷವಲ್ಲ. ಓಣಂ ಹತ್ತಿರ ಬಂದು ಮಡಿವಾಳದಲ್ಲಿ ಕೇರಳದ ಬಸ್ಸುಗಳು ಸಾಲುಗಟ್ಟಿದವೆಂದರೆ ನಮ್ಮ ರಸ್ತೆಯಲ್ಲಿ ಎಷ್ಟೋ ಮನೆಗಳ ದೀಪ ಆರುತ್ತದೆ. ಚಿತ್ರ ಬಿಡುಗಡೆಯಾದದ್ದು 2025ರ ಆಗಸ್ಟ್ 28ಕ್ಕೆ, ಗಣೇಶನ ಹಬ್ಬದ ಮರುದಿನ. "ಆಂಟಿ, ನಮ್ಮ ಸೂಪರ್‌ಹೀರೋ ನಿಮ್ಮ ಬೆಂಗಳೂರಲ್ಲೇ ಇರೋದು, ನೀವು ನೋಡಲೇಬೇಕು" ಎಂದು ಎಳೆದೊಯ್ದರು. ಡಾಮಿನಿಕ್ ಅರುಣ್ ನಿರ್ದೇಶನ, ದುಲ್ಕರ್ ಸಲ್ಮಾನ್ ನಿರ್ಮಾಣ. ಕಲ್ಯಾಣಿ ಪ್ರಿಯದರ್ಶನ್ ಆಡಿದ ಚಂದ್ರಾ ಎಂಬವಳು ಬೆಂಗಳೂರಿನ ಬಾಡಿಗೆ ಮನೆಯೊಂದಕ್ಕೆ ಬರುತ್ತಾಳೆ. ಹಗಲು ಆಚೆ ಬರುವುದಿಲ್ಲ, ರಾತ್ರಿ ಕೆಲಸ. ಎದುರು ಮನೆಯ ಹುಡುಗರಿಗೆ ಅವಳನ್ನು ಇಣುಕಿ ನೋಡುವುದೇ ಉದ್ಯೋಗ. ಈ ವಾತಾವರಣ ಸಾಕ್ಷಾತ್ ನಮ್ಮ ಬೀದಿಯದೇ. ಆದರೆ ಮನೆ ಬಾಡಿಗೆಗೆ ಕೊಡುವವಳಾದ ನನಗೆ ಇವಳು ಅಡ್ವಾನ್ಸ್ ಎಷ್ಟು ಕೊಟ್ಟಳು, ಆಧಾರ್ ಕಾರ್ಡಿನಲ್ಲಿ ಹುಟ್ಟಿದ ವರ್ಷ ಏನೆಂದು ತೋರಿಸಿದಳು ಎಂಬ ಚಿಂತೆಯೇ ಹತ್ತಿತು. ಅವಳ ವಯಸ್ಸು ನೂರಾರು ವರ್ಷ.

ತಕರಾರು ಇಲ್ಲದಿಲ್ಲ. ಬೆಂಗಳೂರಿನ ಕಥೆಯೆಂದರೂ ಕನ್ನಡ ಕಿವಿಗೆ ಬಿದ್ದದ್ದು ಕಮ್ಮಿ. ಖಳ ಮಾತ್ರ ಗೌಡ. ಅದೂ ನಾಚಿಯಪ್ಪ ಗೌಡ! ಮುಂದಿನ ಅರ್ಧ ಕಾರೈಕುಡಿಯದು, ಹಿಂದಿನ ಅರ್ಧ ಮಂಡ್ಯದ್ದು. ಬೆಂಗಳೂರಿನ ಹೆಣ್ಣುಮಕ್ಕಳನ್ನು ಹೀನಾಯವಾಗಿ ಆಡಿದ ಒಂದು ಮಾತಿಗೆ ಗಲಾಟೆಯಾಯಿತು. ಸೆಪ್ಟೆಂಬರ್ ಮೊದಲ ವಾರ ನಿರ್ಮಾಣ ಸಂಸ್ಥೆ ಕ್ಷಮೆ ಕೇಳಿ, ಆ ಮಾತನ್ನು ತೆಗೆಯುವುದಾಗಿ ಹೇಳಿತು. ಒಳ್ಳೆಯದೇ ಆಯಿತು. ಹೆಂಗಸೇ ನಾಯಕಿಯಾದ ಚಿತ್ರದಲ್ಲಿ ಆ ಮಾತು ಬೇಕೂ ಇರಲಿಲ್ಲ.

ಆದರೆ ನಿದ್ದೆ ಬರಲಿಲ್ಲ. ಅದೂ ಹುಟ್ಟಿನ ಕಥೆ ಶುರುವಾದ ಮೇಲೆಯೇ. ಚಂದ್ರಾ ಬೇರಾರೂ ಅಲ್ಲ, ಕಳ್ಳಿಯಂಕಾಟ್ಟು ನೀಲಿ. ಕೇರಳದಲ್ಲಿ ಮಕ್ಕಳನ್ನು ಹೆದರಿಸಿ ಮಲಗಿಸಲು ಬಳಸಿಕೊಂಡು ಬಂದ ಯಕ್ಷಿ. ರಾತ್ರಿ ದಾರಿಹೋಕರನ್ನು ನಿಲ್ಲಿಸಿ ಎಲೆಯಡಿಕೆಗೆ ಸುಣ್ಣ ಕೇಳುವವಳು. ಕೊಟ್ಟವನ ಉಗುರು ಕೂದಲು ಮಾತ್ರ ಬೆಳಗ್ಗೆ ಸಿಗುತ್ತದೆ. ಸಿನಿಮಾದಲ್ಲಿ ಆಕೆ ಕಾಡಿನ ಜನರ ಹುಡುಗಿ. ಗುಡಿ ಹೊಕ್ಕಳೆಂಬ ತಪ್ಪಿಗೆ ರಾಜನ ಕಡೆಯವರು ಅವಳ ಜನರ ಮೇಲೆ ಬೀಳುತ್ತಾರೆ. ಆ ರಾತ್ರಿ ಕಳೆದು ಉಳಿದವಳೇ ಯಕ್ಷಿ. ದಂತಕಥೆಯ ಮಂತ್ರವಾದಿ ಪಾದ್ರಿ ಕಡಮಟ್ಟತ್ತು ಕತ್ತನಾರ್ ನೀಲಿಯನ್ನು ಹಿಡಿದು ಅಡಗಿಸಿದ; ಸಿನಿಮಾದ ಕತ್ತನಾರ್ ಅವಳನ್ನು ಒಳ್ಳೆಯ ಕೆಲಸಕ್ಕೆ ಹಚ್ಚುತ್ತಾನೆ. ಚಿತ್ರದ ಜಾಣತನವೆಲ್ಲ ಈ ಒಂದು ತಿದ್ದುಪಡಿಯಲ್ಲಿದೆ. ಹೊಡೆದಾಟಗಳು ಚೆನ್ನಾಗಿವೆ, ಆದರೆ ಹೊಡೆದಾಟ ಎಲ್ಲಾದರೂ ಸಿಗುತ್ತದೆ.

ಅಲ್ಲಿ ಕೂತು ನನಗೆ ನೆನಪಾದವಳು ನಮ್ಮವಳು. ಬೈರಸಂದ್ರ, ತಾವರೆಕೆರೆ, ಮಡಿವಾಳ ಮೂರು ಹಳ್ಳಿ ಸೇರಿ ಬಿಟಿಎಂ ಆಯಿತಲ್ಲ, ಅದರ ತಾವರೆಕೆರೆಯ ಒಂದು ವಠಾರದಲ್ಲಿ ನಾವಿದ್ದೆವು. ತೊಂಬತ್ತರ ದಶಕದಲ್ಲಿ ಸುದ್ದಿ ಹಬ್ಬಿತು: ರಾತ್ರಿ ಒಬ್ಬಳು ಬರುತ್ತಾಳೆ, ಮನೆಯವರದೇ ದನಿಯಲ್ಲಿ ಹೆಸರು ಹಿಡಿದು ಕರೆಯುತ್ತಾಳೆ, ಬಾಗಿಲು ತೆರೆದವರು ಉಳಿಯುವುದಿಲ್ಲ. ಮದ್ದು ಸುಲಭ, ಬಾಗಿಲ ಮೇಲೆ 'ನಾಳೆ ಬಾ' ಎಂದು ಬರೆದರಾಯಿತು. ಓದುತ್ತಾಳೆ, ವಾಪಸು ಹೋಗುತ್ತಾಳೆ, ಮರುದಿನ ಬಂದು ಮತ್ತೆ ಅದನ್ನೇ ಓದುತ್ತಾಳೆ. ಅಕ್ಷರ ಗುಂಡಗಿದ್ದವಳು ನಾನೆಂದು ವಠಾರದ ಬಾಗಿಲುಗಳ ಗುತ್ತಿಗೆ ನನಗೇ ಬಿತ್ತು. ಹಸಿರು ಬಣ್ಣದ ಮರದ ಬಾಗಿಲ ಮೇಲೆ ಸೀಮೆಸುಣ್ಣ ನಿಲ್ಲುತ್ತಿರಲಿಲ್ಲ. ಒದ್ದೆ ಮಾಡಿ ಒತ್ತಿ ಬರೆಯಬೇಕು, ಒಣಗಿದ ಮೇಲೆ ಬೆಳ್ಳಗೆ ಏಳುತ್ತಿತ್ತು. 'ಳೆ'ಯ ಬಾಲ ಸರಿಯಾಗದಿದ್ದರೆ ಅವಳು ಓದಲಾಗದೆ ಒಳಗೆ ಬಂದುಬಿಟ್ಟಾಳೆಂದು ಅಳಿಸಿ ತಿದ್ದಿದ್ದೂ ಉಂಟು. ಎದುರುಮನೆ ತಮಿಳರು, ಮೂಲೆಮನೆ ತೆಲುಗರು ಎಲ್ಲರೂ ಕನ್ನಡದಲ್ಲೇ ಬರೆಸಿಕೊಂಡರು. ದೆವ್ವಕ್ಕೆ ಓದಲು ಬರುತ್ತಿದ್ದುದು ಕನ್ನಡವೊಂದೇ ಎಂಬುದರಲ್ಲಿ ಯಾರಿಗೂ ಸಂಶಯವಿರಲಿಲ್ಲ. ಬೆಂಗಳೂರಿನಲ್ಲಿ ಕನ್ನಡ ಅಷ್ಟು ನಿರ್ವಿವಾದವಾಗಿ ಕಡ್ಡಾಯವಾದದ್ದು ಆಗಲೇ ಇರಬೇಕು.

ಆ ಕಥೆಯನ್ನು ಎತ್ತಿಕೊಂಡು 2018ರಲ್ಲಿ ಹಿಂದಿಯವರು 'ಸ್ತ್ರೀ' ಮಾಡಿದರು, ಮಧ್ಯಪ್ರದೇಶದ ಚಂದೇರಿಯ ಗೋಡೆಗಳ ಮೇಲೆ ಹಿಂದಿಯಲ್ಲಿ ಬರೆಸಿದರು. ದುಡ್ಡೂ ಮಾಡಿಕೊಂಡರು. ಅವರ ಸ್ತ್ರೀಗೂ ಒಂದು ಹಿನ್ನೆಲೆ ಸಿಕ್ಕಿತು, ಅನ್ಯಾಯ ಸಿಕ್ಕಿತು. ಊರಿನ ಬಾಗಿಲುಗಳ ಮೇಲೆಲ್ಲ ಬರೆದ ನಾವು ಮಾತ್ರ ಅವಳು ಯಾರೆಂದು ಕೇಳಿರಲಿಲ್ಲ.

ಕನ್ನಡನಾಡಿಗೆ ಹುಟ್ಟಿನ ಕಥೆ ಕಟ್ಟಲು ಬರುವುದಿಲ್ಲವೆಂದಲ್ಲ. ತುಳುನಾಡಿನ ಪಾಡ್ದನಗಳು ಮಾಡುವುದು ಅದನ್ನೇ: ದೈವ ಕುಣಿಯುವ ಮೊದಲು ಅದು ಯಾರ ಮಗ, ಯಾರಿಂದ ನೊಂದಿತು, ಹೇಗೆ ಮಾಯವಾಯಿತು ಎಲ್ಲ ಹೇಳಬೇಕು. 1432ರಲ್ಲಿ ನಿಂತ ಕಾರ್ಕಳದ ಗೊಮ್ಮಟನನ್ನು ಕೆತ್ತಿದ ಕಲ್ಕುಡನಿಗೆ, ಇಂಥದ್ದು ಇನ್ನೊಂದು ಮಾಡದಿರಲೆಂದು ಅರಸ ಒಂದು ಕೈ ಒಂದು ಕಾಲು ಕಡಿಸಿದನಂತೆ. ಅವನೂ ತಂಗಿ ಕಲ್ಲುರ್ಟಿಯೂ ದೈವಗಳಾಗಿ ಅರಸನ ಬೆನ್ನು ಹತ್ತಿದರು. ಇಷ್ಟು ಒಳ್ಳೆಯ ಮೊದಲರ್ಧ ಯಾವ ಅಮೆರಿಕದವನ ಬಳಿ ಇದೆ? ಘಟ್ಟದ ಮೇಲೆ ಬಂದ ನಮ್ಮವಳಿಗೆ ಪಾಡ್ದನ ಹೇಳುವವರು ಸಿಗಲಿಲ್ಲ. ಅವಳಿಗೆ ದಕ್ಕಿದ್ದು ಎರಡು ಪದ, ಅದೂ ಹೊರಡು ಎನ್ನುವುದಕ್ಕೆ.

ಮನೆಗೆ ಬಂದು ಅಮ್ಮನನ್ನು ಕೇಳಿದೆ. ಹುಡುಗಿಯರೂ ಚಪ್ಪಲಿ ಬಿಟ್ಟು ಒಳಗೇ ಬಂದರು.

"ಯಾರೋ ಮದುಮಗಳಂತೆ ಕಣೆ. ಗಂಡನ್ನ ಹುಡುಕ್ಕೊಂಡು ಬರ್ತಾಳೆ ಅಂತಿದ್ರು."

"ಸತ್ತಿದ್ದು ಹೇಗಂತೆ?"

"ಅದನ್ನ ಯಾರು ಕೇಳೋಕೆ ಹೋದ್ರು? ಚಿಲಕ ಹಾಕಿಕೊಳ್ಳೋದೇ ಸಾಕಾಗಿತ್ತು."

ಹುಡುಗಿಯರು ಅಮ್ಮನಿಗೆ ನೀಲಿಯ ಕಥೆಯನ್ನು ಪೂರ್ತಿ ಹೇಳಿದರು, ಅರ್ಧ ಕನ್ನಡ ಅರ್ಧ ಕೈಸನ್ನೆ. ಅಮ್ಮನಿಗೆ ಹಿಡಿಸಿತು. ರಾಜನಿಗೆ ತಕ್ಕ ಶಾಸ್ತಿಯಾಯಿತಾ ಎಂದು ವಿಚಾರಿಸಿಕೊಂಡಳು. ಮುಂದಿನ ಭಾಗ ಚಾತ್ತನದ್ದು, ಟೊವಿನೊ ಥಾಮಸ್ ಮಾಡುತ್ತಾನೆ ಎಂಬ ಸುದ್ದಿಯೂ ಆಮೇಲೆ ಮೇಲಿನಿಂದಲೇ ಬಂತು.

"ಅವನೂ ಬಾಗಿಲು ತಟ್ಟೋನಾ?" ಅಂದಳು ಅಮ್ಮ.

"ಇಲ್ಲ ಅಜ್ಜಿ, ಕುಟ್ಟಿಚ್ಚಾತ್ತನ್ ಮನೆ ಮೇಲೆ ಕಲ್ಲು ಹಾಕ್ತಾನೆ."

"ಹಾಗಾದ್ರೆ ನಿಮ್ಮೂರಲ್ಲೇ ಇರ್ಲಿ ಬಿಡಮ್ಮ. ಮೇಲೆ ಸೋಲಾರ್ ಗಾಜಿದೆ."