ತಾಮ್ರದ ಮೇಲೆ ಗಾಜು

ಬರೀ ಮರಳನ್ನು ಕರಗಿಸಿ ಗಾಜು ಮಾಡಬೇಕೆಂದರೆ ಸುಮಾರು 1,700 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ತಾಮ್ರವೋ 1,085 ಡಿಗ್ರಿಗೇ ನೀರಾಗುತ್ತದೆ. ಹೀಗಿದ್ದೂ ಡೊಂಬಿವಲಿಯ ನಮ್ಮ ಮನೆಯ ಗ್ಯಾಲರಿಯಲ್ಲಿ, ಪುಟ್ಟ ಕರೆಂಟಿನ ಭಟ್ಟಿಯೊಂದರಲ್ಲಿ, ತಾಮ್ರದ ತಗಡಿನ ಮೇಲೆ ಗಾಜು ಕರಗಿಸಿ ಕೂರಿಸುವುದು ನನ್ನ ಭಾನುವಾರದ ಸುಖ.

ಇದಕ್ಕೆಲ್ಲ ಮೂಲ ಬಿಳಿಗಾರ. ಅಕ್ಕಸಾಲಿಗರು ಬೆಸುಗೆಗೆ ಬಳಸುತ್ತಾರಲ್ಲ, ಅದೇ. ಅದರಲ್ಲಿರುವ ಬೋರಾನ್ ಮರಳಿನೊಂದಿಗೆ ಬೆರೆತರೆ ಗಾಜು 800 ಡಿಗ್ರಿಯ ಆಸುಪಾಸಿನಲ್ಲೇ ಹರಿಯತೊಡಗುತ್ತದೆ. ಸೀಸ ಹೆಚ್ಚಿದಷ್ಟೂ ಇನ್ನೂ ಕಡಿಮೆ ಶಾಖ ಸಾಕು: ಹಳೆಯ ಕಲರ್ ಟೀವಿಯ ಪಿಕ್ಚರ್ ಟ್ಯೂಬಿನ ಮುಂಭಾಗವನ್ನೂ ಹಿಂದಿನ ಆಲಿಕೆಯನ್ನೂ ಬೆಸೆದದ್ದು ಸುಮಾರು 440 ಡಿಗ್ರಿಯಲ್ಲಿ ಕರಗಿಸಿದ ಸೀಸದ ಗಾಜು. ಜೈಪುರದ ಮೀನಾಕಾರಿಯೂ ಅಜ್ಜಿಯ ಕಾಲದ ನೀಲಿ ಅಂಚಿನ ಎನಾಮಲ್ ಬಟ್ಟಲೂ ಈ ಬಳಗದವೇ.

ತಗಡನ್ನು ಹುಣಸೆಹುಳಿ, ಉಪ್ಪು ಹಾಕಿ ತಿಕ್ಕಿ ತೊಳೆದು, ತೆಳುವಾಗಿ ಗೋಂದಿನ ನೀರು ಬಳಿದು, ಜರಡಿಯಿಂದ ಗಾಜಿನ ಪುಡಿ ಉದುರಿಸುತ್ತೇನೆ. ಪೂರ್ತಿ ಒಣಗಬೇಕು, ತೇವ ಉಳಿದರೆ ಆವಿಯೆದ್ದು ಪುಡಿ ಸಿಡಿಯುತ್ತದೆ. ನಮ್ಮ ಜುಲೈ ಮಳೆಯಲ್ಲಿ ಇದಕ್ಕೇ ಅರ್ಧ ಹೊತ್ತು. ಭಟ್ಟಿಗಿಟ್ಟ ಮೇಲೆ ಕಣ್ಣು ಕೀಳುವಂತಿಲ್ಲ. ಮೊದಲು ಪುಡಿ ಕಪ್ಪಾಗುತ್ತದೆ. ಆಮೇಲೆ ಮೈಯೆಲ್ಲ ಕಿತ್ತಳೆ ಸಿಪ್ಪೆಯಂತೆ ಉಬ್ಬುತಗ್ಗು. ಇನ್ನರ್ಧ ನಿಮಿಷಕ್ಕೆ ಅದೂ ಇಳಿದು ಕೆಂಪಗೆ ಹೊಳೆಯುತ್ತದೆ. ಆಗ ಇಕ್ಕಳ ಹಾಕಬೇಕು. ಹೊರಬಂದ ಬಿಲ್ಲೆಯಲ್ಲಿ ಯಾವ ಬಣ್ಣ ಯಾವುದೆಂದು ಹೇಳಲಾಗದು. ಆರುತ್ತ ಬಂದಂತೆ ಕೋಬಾಲ್ಟಿನ ನೀಲಿ, ತಾಮ್ರದ ಹಸಿರು, ಮ್ಯಾಂಗನೀಸಿನ ನೇರಳೆ ಒಂದೊಂದಾಗಿ ತಮ್ಮ ಜಾಗಕ್ಕೆ ಮರಳುತ್ತವೆ. ಈ ಎರಡು ನಿಮಿಷಕ್ಕಾಗಿಯೇ ನಾನು ಉಳಿದ ಕೆಲಸವನ್ನೆಲ್ಲ ಮಾಡುವುದು.

ಕರಗಿದರಷ್ಟೇ ಸಾಲದು, ಆರುವಾಗ ಗಾಜು ತಾಮ್ರದ ಜೊತೆಜೊತೆಗೆ ಕುಗ್ಗಬೇಕು. ತಾಮ್ರ ಒಂದಿಷ್ಟು ಹೆಚ್ಚು ಕುಗ್ಗಿದರೆ ಒಳ್ಳೆಯದೇ: ಗಾಜು ಅದುಮಿಕೊಂಡು ಗಟ್ಟಿಯಾಗಿ ನಿಲ್ಲುತ್ತದೆ. ಎಳೆತ ಮಾತ್ರ ಅದಕ್ಕೆ ಆಗಿಬರದು, ಬಿರುಕು ಬಿಡುತ್ತದೆ. ತಗಡು ಸೊಟ್ಟಗಾಗದಿರಲೆಂದು ಬೆನ್ನಿಗೂ ಒಂದು ಪದರ ಗಾಜು ಹಾಕುತ್ತಾರೆ. ಯಾರ ಕಣ್ಣಿಗೂ ಬೀಳದ ಆ ಪದರವನ್ನು ಹೇಗೆ ಹಾಕಿದ್ದಾರೆಂದು ನೋಡಿಯೇ ನಾನು ಕೆಲಸಗಾರರನ್ನು ಅಳೆಯುವುದು.

ಥಾಣೆ, ಕಲ್ಯಾಣ, ನವಿ ಮುಂಬಯಿಯ ಫ್ಲ್ಯಾಟುಗಳಲ್ಲೂ ಈ ಹವ್ಯಾಸಕ್ಕೆ ಜಾಗ ಸಾಕು. ಶುರುಮಾಡುವವರು ಸೀಸವಿಲ್ಲದ ಪುಡಿಯನ್ನೇ ಕೇಳಿ ತನ್ನಿ, ಜರಡಿ ಹಿಡಿಯುವಾಗ ಮಾಸ್ಕ್ ಹಾಕಿಕೊಳ್ಳಿ, ಅಡುಗೆಮನೆಯಿಂದ ದೂರವಿಡಿ.