ರುತ್‌ವೆಲ್ಲಿನ ಶಿಲುಬೆ

ಸ್ಕಾಟ್ಲೆಂಡಿನ ದಕ್ಷಿಣ ಭಾಗದಲ್ಲಿ, ಸಾಲ್ವೆ ಎಂಬ ಕೊಲ್ಲಿಯ ತೀರಕ್ಕೆ ಸಮೀಪವಾಗಿ, ರುತ್‌ವೆಲ್ ಎಂಬುದೊಂದು ಸಣ್ಣ ಪ್ಯಾರಿಷ್ ಉಂಟು. ಒಂದು ಇಗರ್ಜಿಗೂ ಅದರ ಪಾದ್ರಿಗೂ ಸೇರಿದ ಹಳ್ಳಿಗಳ ಸೀಮೆಗೆ ಆ ದೇಶದಲ್ಲಿ ಪ್ಯಾರಿಷ್ ಎಂದು ಹೆಸರು. ದೊಡ್ಡ ಪಟ್ಟಣವಾಗಲಿ ಪೇಟೆಯಾಗಲಿ ಇಲ್ಲಿಲ್ಲ. ಹೊಲಗಳ ನಡುವೆ ಒಂದು ಇಗರ್ಜಿ, ಹಳ್ಳಿಯಲ್ಲಿ ಹಳೆಯದೊಂದು ಬ್ಯಾಂಕಿನ ಮನೆ, ಸ್ವಲ್ಪ ದೂರದಲ್ಲಿ ಕಾಮ್ಲಾಂಗನ್ ಎಂಬ ಪುರಾತನ ಕೋಟೆಮನೆ; ನೋಡತಕ್ಕವು ಹೆಚ್ಚುಕಡಮೆ ಇಷ್ಟೇ. ಆದರೆ ಮನುಷ್ಯರು ತಮ್ಮ ಪೂರ್ವಿಕರ ಕಲ್ಲನ್ನು ಹೇಗೆ ಒಡೆಯುವರು, ಹೇಗೆ ಮತ್ತೆ ಕೂಡಿಸುವರು, ಕೊನೆಗೆ ಅದನ್ನು ಕಾಪಾಡಲು ಹೇಗೆ ಕಲಿಯುವರು ಎಂಬುದನ್ನು ತಿಳಿಯಬೇಕೆಂಬವರಿಗೆ ಈ ಊರೊಂದೇ ಸಾಕು.

ಇಗರ್ಜಿಯ ಒಳಗೆ ಸುಮಾರು 18 ಅಡಿ ಎತ್ತರದ ಕಲ್ಲಿನ ಶಿಲುಬೆಯೊಂದು ನಿಂತಿದೆ. ಅದು ಎಂಟನೆಯ ಶತಮಾನದ್ದೆಂದು ವಿದ್ವಾಂಸರ ಮತ. ಆಗ ಈ ಸೀಮೆ ನಾರ್ತಂಬ್ರಿಯಾ ಎಂಬ ಆಂಗ್ಲರ ರಾಜ್ಯಕ್ಕೆ ಸೇರಿತ್ತು. ಶಿಲುಬೆಯ ಅಗಲವಾದ ಮುಖಗಳಲ್ಲಿ ಕ್ರೈಸ್ತ ಪುರಾಣದ ಚಿತ್ರಗಳಿವೆ: ಅಡವಿಯ ಮೃಗಗಳು ಕ್ರಿಸ್ತನನ್ನು ಗುರುತಿಸಿ ವಂದಿಸುವುದು, ಪಶ್ಚಾತ್ತಾಪದಿಂದ ಬೆಂದ ಹೆಂಗಸು ಆತನ ಪಾದಗಳನ್ನು ತಲೆಗೂದಲಿನಿಂದ ಒರಸುವುದು. ಪಕ್ಕದ ಕಿರಿದಾದ ಮುಖಗಳಲ್ಲಿ ದ್ರಾಕ್ಷಿಯ ಬಳ್ಳಿ ಸುತ್ತಿಸುತ್ತಿ ಮೇಲಕ್ಕೇರಿದೆ; ಅದರ ಹಣ್ಣುಗಳನ್ನು ಹಕ್ಕಿಗಳೂ ಮೃಗಗಳೂ ತಿನ್ನುತ್ತಿವೆ. ಆ ಬಳ್ಳಿಯ ಅಂಚಿನುದ್ದಕ್ಕೂ ರೂನ್ ಎಂಬ ಪ್ರಾಚೀನ ಲಿಪಿಯ ಅಕ್ಷರಗಳು.

1640ರಲ್ಲಿ ಸ್ಕಾಟ್ಲೆಂಡಿನ ಇಗರ್ಜಿಯ ಮಹಾಸಭೆಯು ವಿಗ್ರಹಾರಾಧನೆಯ ಕುರುಹುಗಳನ್ನೆಲ್ಲ ಅಳಿಸಿಹಾಕಬೇಕೆಂದು ಕಟ್ಟಳೆ ಮಾಡಿತು. 1642ರಲ್ಲಿ ರುತ್‌ವೆಲ್ಲಿನ ಶಿಲುಬೆ ನೆಲಕ್ಕುರುಳಿತು. ಕೆಡವಿದವರನ್ನು ದುಷ್ಟರೆಂದು ಹಳಿಯುವುದು ಸುಲಭ. ಆದರೆ ಅವರು ಭಕ್ತರು. ದೇವರಿಗೆ ಮೆಚ್ಚಿಗೆಯಾದುದನ್ನೇ ಮಾಡುತ್ತಿರುವೆವೆಂದು ಮನಸಾರೆ ನಂಬಿದವರು. ಇದನ್ನು ಮರೆತರೆ ಈ ಕಥೆಯ ನೀತಿಯೇ ಕೈತಪ್ಪುವುದು. ಮುರಿದ ತುಂಡುಗಳು ಬಹುಕಾಲ ಇಗರ್ಜಿಯೊಳಗೇ ಬಿದ್ದಿದ್ದುವು. ಉಪದೇಶ ಕೇಳಬಂದವರು ಅವುಗಳ ಮೇಲೆ ಕುಳಿತುಕೊಳ್ಳುತ್ತಿದ್ದರೆಂದು ಹೇಳಿಕೆ. ಆಮೇಲೆ ಅವು ಹೊರಗಿನ ಸ್ಮಶಾನದಲ್ಲಿ ಮಳೆಗಾಳಿಗಳ ಪಾಲಾದುವು.

1799ರಲ್ಲಿ ಹೆನ್ರಿ ಡಂಕನ್ ಎಂಬವನು ಇಲ್ಲಿಗೆ ಪಾದ್ರಿಯಾಗಿ ಬಂದನು. ಜನರು ಬಡವರು. ಅಂದಿನ ಬ್ಯಾಂಕುಗಳು 10 ಪೌಂಡಿಗೆ ಕಡಮೆಯಾದ ಹಣವನ್ನು ಮುಟ್ಟುತ್ತಿರಲಿಲ್ಲ. ಕೂಲಿಯವನಿಗೆ ಅಷ್ಟು ಹಣ ಒಟ್ಟಿಗೆ ಕಾಣುವ ಯೋಗವೇ ಇರಲಿಲ್ಲ. 1810ರಲ್ಲಿ ಡಂಕನನು ಬಡವರಿಗಾಗಿ ಉಳಿತಾಯದ ಬ್ಯಾಂಕೊಂದನ್ನು ತೆರೆದನು. ಆರು ಪೆನ್ನಿ ತಂದವನಿಗೂ ಅಲ್ಲಿ ಲೆಕ್ಕವುಂಟು. ಹನಿಗೂಡಿದರೆ ಹಳ್ಳ, ತೆನೆಗೂಡಿದರೆ ಬಳ್ಳ ಎಂಬ ಮಾತನ್ನು ಅವನು ಕಾರ್ಯದಲ್ಲಿ ತೋರಿಸಿದನು. ಲೋಕದ ಉಳಿತಾಯದ ಬ್ಯಾಂಕುಗಳ ಚರಿತ್ರೆಯಲ್ಲಿ ಆ ಸಣ್ಣ ಕಟ್ಟಡಕ್ಕೆ ಮೊದಲ ಪುಟಗಳಲ್ಲಿಯೇ ಸ್ಥಾನವುಂಟು.

ಕಾಸುಗಳನ್ನು ಕೂಡಿಸಿದ ಕೈಯೇ ಕಲ್ಲುಗಳನ್ನೂ ಕೂಡಿಸಿತು. ಊರಿನ ಬಡ ಗಂಡಹೆಂಡಿರು ಒಂದೆರಡು ದಿನಗಳ ಅಂತರದಲ್ಲಿ ತೀರಿಕೊಂಡರು. ಇಬ್ಬರನ್ನೂ ಒಂದೇ ಸಮಾಧಿಯಲ್ಲಿ ಇಡಬೇಕೆಂದು, ವಾಡಿಕೆಗಿಂತ ಆಳವಾಗಿ ನೆಲವನ್ನು ಅಗೆದರು. ಆ ಆಳದಲ್ಲಿ ಚಿತ್ರ ಕೆತ್ತಿದ ಕಲ್ಲಿನ ತುಂಡೊಂದು ದೊರೆಯಿತು. ಅದು ಶಿಲುಬೆಯ ಮೇಲ್ಭಾಗದ್ದೆಂದು ಡಂಕನನು ಕಂಡುಕೊಂಡನು. ಸತ್ತಮೇಲೂ ಅಗಲದ ಆ ದಂಪತಿಗಳಿಂದ ಒಡೆದ ಕಲ್ಲು ಕೂಡಿಕೊಳ್ಳುವಂತಾಯಿತು. 1823ರಲ್ಲಿ ಅವನು ಶಿಲುಬೆಯನ್ನು ತನ್ನ ಮನೆಯ ತೋಟದಲ್ಲಿ ನಿಲ್ಲಿಸಿದನು. ಅಡ್ಡತೋಳುಗಳು ಮಾತ್ರ ಸಿಗಲಿಲ್ಲ. ಈಗ ಕಾಣುವ ತೋಳುಗಳು ಅವನು ಹೊಸದಾಗಿ ಮಾಡಿಸಿದುವು.

ಅಂಚಿನ ಅಕ್ಷರಗಳನ್ನು ಕೆಲವರು ಏನೇನೋ ಆಗಿ ಓದಿದ್ದರು. 1840ರಲ್ಲಿ ಜಾನ್ ಮಿಚೆಲ್ ಕೆಂಬಲ್ ಎಂಬ ವಿದ್ವಾಂಸನು ಅದು ಹಳೆಯ ಇಂಗ್ಲಿಷಿನ ಪದ್ಯವೆಂದು ತೋರಿಸಿದನು. ಇಟಲಿಯ ವೆರ್ಚೆಲ್ಲಿ ಎಂಬ ಊರಿನಲ್ಲಿದ್ದ ಹಸ್ತಪ್ರತಿಯ ಒಂದು ಕಾವ್ಯದಲ್ಲಿ ಅವೇ ಸಾಲುಗಳು ಕಂಡುವು. ಆ ಕಾವ್ಯದಲ್ಲಿ ಮಾತನಾಡುವುದು ಶಿಲುಬೆಯೇ: ಒಡೆಯನನ್ನು ಹೊತ್ತು ತಾನು ನೊಂದ ಕಥೆಯನ್ನು ಅದು ಹೇಳಿಕೊಳ್ಳುವುದು. ನೂರಾರು ವರ್ಷ ತುಳಿಸಿಕೊಂಡ ಕಲ್ಲಿನ ಮೇಲೆ ಬರೆದಿದ್ದುದು ಆ ಅಳಲಿನ ಮಾತುಗಳೇ.

1843ರಲ್ಲಿ ಸ್ಕಾಟ್ಲೆಂಡಿನ ಇಗರ್ಜಿ ಎರಡಾಯಿತು. ಪಾದ್ರಿಗಳ ನೇಮಕದಲ್ಲಿ ಜಮೀನುದಾರರ ಅಧಿಕಾರವನ್ನೂ ಸರಕಾರದ ಕೈವಾಡವನ್ನೂ ಒಪ್ಪದೆ ನೂರಾರು ಪಾದ್ರಿಗಳು ಹೊರಬಂದರು. ಅವರಲ್ಲಿ ಡಂಕನನೂ ಒಬ್ಬನು. ಮನೆ ಹೋಯಿತು, ತೋಟ ಹೋಯಿತು. ತೋಟದ ಶಿಲುಬೆಯೂ ಪರರದಾಯಿತು. ಮೂರು ವರ್ಷಗಳ ಮೇಲೆ ಅವನು ತೀರಿಕೊಂಡನು. ಒಂದು ಶತಮಾನದ ಧರ್ಮಶ್ರದ್ಧೆ ಶಿಲುಬೆಯನ್ನು ಕೆಡವಿತು; ಇನ್ನೊಂದು ಶತಮಾನದ ಧರ್ಮಶ್ರದ್ಧೆ ಅದನ್ನು ನಿಲ್ಲಿಸಿದವನನ್ನೇ ಅದರಿಂದ ಅಗಲಿಸಿತು.

ಶಿಲುಬೆ ಮಾತ್ರ ಉಳಿಯಿತು. 1882ರಲ್ಲಿ ಪುರಾತನ ಸ್ಮಾರಕಗಳ ರಕ್ಷಣೆಯ ಕಾನೂನು ಬಂದಿತು. 1887ರಲ್ಲಿ ಇಗರ್ಜಿಗೆ ಒಂದು ಹೊಸ ಅಂಕಣವನ್ನು ಕೂಡಿಸಿ, ಎತ್ತರ ಹಿಡಿಯುವಂತೆ ನೆಲವನ್ನು ತಗ್ಗಿಸಿ, ಶಿಲುಬೆಯನ್ನು ಒಳಕ್ಕೆ ತಂದರು. 1947ರ ಶಾಸನದಿಂದ ಬೆಲೆಯುಳ್ಳ ಹಳೆಯ ಕಟ್ಟಡಗಳನ್ನೆಲ್ಲ ಪಟ್ಟಿಮಾಡುವ ಪದ್ಧತಿ ಮೊದಲಾಯಿತು. ಸ್ಕಾಟ್ಲೆಂಡಿನ ಪಟ್ಟಿ ಈಗ ಸುಮಾರು 47,000ಕ್ಕೆ ಬೆಳೆದಿದೆ. ಎ, ಬಿ, ಸಿ ಎಂದು ಮೂರು ವರ್ಗಗಳು. ಪಟ್ಟಿಗೆ ಸೇರಿದ ಮನೆ ಒಡೆಯನದೇ. ಆದರೆ ಅಪ್ಪಣೆಯಿಲ್ಲದೆ ಅದನ್ನು ಕೆಡವಕೂಡದು, ಅದರ ಸ್ವರೂಪ ಕೆಡುವಂತೆ ಮಾರ್ಪಡಿಸಕೂಡದು.

ಇದು ದೊಡ್ಡ ಲಾಭವೇ ಸರಿ. ಆದರೂ ಒಂದು ಮಾತುಂಟು. ಈಚಿನ ವರ್ಷಗಳಲ್ಲಿ ಸ್ಕಾಟ್ಲೆಂಡಿನ ಹಳ್ಳಿಗಳಲ್ಲಿ ಪ್ರಾರ್ಥನೆಗೆ ಬರುವವರು ಕಡಮೆಯಾಗಿ ಎಷ್ಟೋ ಇಗರ್ಜಿಗಳು ಮುಚ್ಚಿ ಮಾರಾಟವಾಗಿವೆ. ಒಡೆಯುವ ಕೈಯನ್ನು ಕಾನೂನು ತಡೆಯಬಲ್ಲುದು. ಕಸಗುಡಿಸಿ ಸೋರುವ ಮಾಡನ್ನು ಸರಿಪಡಿಸುವ ಕೈಯನ್ನು ಅದು ಹುಟ್ಟಿಸಲಾರದು. ರುತ್‌ವೆಲ್ಲಿನ ಶಿಲುಬೆಗೆ ಕಾನೂನು ಬರುವ ಮೊದಲೇ ಅಂತಹ ಕೈಯೊಂದು ದೊರೆತಿತ್ತು. ಉಳಿದ ಕಲ್ಲುಗಳಿಗೂ ಅಂತಹ ಕೈಗಳು ದೊರೆತರೆ ಪಟ್ಟಿ ಬರೆದವರ ಶ್ರಮ ಸಾರ್ಥಕವಾದೀತು.